ಹುರುಳಿ ಹರಡಿದ ರಸ್ತೆ

ನಮ್ಮೂರ ಬಸ್‌ಸ್ಟಾಂಡಿನ ಎದುರಿಗಿರುವ ಚಿಲ್ಲರೆ ಅಂಗಡಿ ನನ್ನದು. ನನ್ನ ಹೆಸರು ಗಿರಿಜಾಂಬ. ರಾಮನಗರದಿಂದ ಕೈಲಾಂಚದ ಮೇಲೆ ಬರುವ ಬಸ್ಸು ನನ್ನ ಅಂಗಡಿ ಮುಂದೆಯೇ ತಿರುಗಿಸಿಕೊಂಡು ಹೋಗುತ್ತದೆ. ಹಾಗಾಗಿ ಈ ರಸ್ತೆಯ ಕಥೆ ನನಗಿಂತ ಚೆನ್ನಾಗಿ ಬೇರೆಯವರಿಗೆ ಗೊತ್ತಿಲ್ಲ. ನೋಡಿ ನೋಡಿ ಸಾಕಾಗಿದೆ ಎಂದರೂ ತಪ್ಪಿಲ್ಲ.

ಮೊದಲು ಈ ರಸ್ತೆ ಎಷ್ಟು ಕಿರಿದಾಗಿತ್ತೆಂದರೆ, ಎದುರಿಗೆ ಒಂದು ಎತ್ತಿನ ಗಾಡಿ ಬಂದರೂ ಬಸ್ಸು ಹಿಂದಕ್ಕೆ ಹೋಗಬೇಕಿತ್ತು. ಆಮೇಲೆ ಸುತ್ತಮುತ್ತ ಲೇಔಟುಗಳು ಎದ್ದವು. ಬೆಟ್ಟದ ಬುಡದಲ್ಲಿ ರೆಸಾರ್ಟು ಬಂತು. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಸಾಲುಗಟ್ಟಿದವು. ರೇಷ್ಮೆಗೂಡು ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಆಟೊ, ಹಾಲಿನ ಗಾಡಿ, ಸ್ಕೂಲ್ ವ್ಯಾನು ಎಲ್ಲವೂ ಮೂತಿಗೆ ಮೂತಿ ಕೊಟ್ಟುಕೊಂಡು ನಿಲ್ಲುತ್ತಿದ್ದವು. ಹಾರನ್ ಶಬ್ದದಲ್ಲಿ ಗಿರಾಕಿ ಉಪ್ಪು ಕೇಳಿದರೋ ಸೋಪು ಕೇಳಿದರೋ ನನಗೆ ತಿಳಿಯುತ್ತಿರಲಿಲ್ಲ.

ರಸ್ತೆ ಅಗಲ ಮಾಡಿಸಿ ಎಂದು ಅಲೆದವಳು ಕಾವೇರಮ್ಮ. ನಮ್ಮ ಪಂಚಾಯ್ತಿ ಮೆಂಬರು, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಅವಳ ಜೊತೆ ನಾವೂ ಆಫೀಸಿಂದ ಆಫೀಸಿಗೆ ಹೋದೆವು. ಇವತ್ತು ಸಾಹೇಬರಿಲ್ಲ, ಈ ವರ್ಷ ಅನುದಾನವಿಲ್ಲ, ಮುಂದಿನ ಬಜೆಟ್ಟಿಗೆ ನೋಡೋಣ ಎಂದು ಕೇಳಿ ಕೇಳಿ ಕಿವಿ ತೂತಾಯಿತು. ಕೊನೆಗೆ ದುಡ್ಡು ಬಂತು, ಆದರೆ ಅರ್ಧ ಕೆಲಸಕ್ಕೆ ಮಾತ್ರ. ಊರೊಳಗಿನಿಂದ ಕೆರೆ ಏರಿಯವರೆಗೆ ರಸ್ತೆ ಅಗಲವಾಯಿತು. ಏರಿಯಿಂದ ಆಚೆ ಇನ್ನೂ ಹಳೆಯ ರಸ್ತೆಯೇ. ಅದಕ್ಕೆ ದುಡ್ಡು ಯಾವಾಗ ಬರುತ್ತದೋ, ಈಗಲೂ ಕಾಯುತ್ತಿದ್ದೇವೆ.

ಅಗಲವಾದ ಅರ್ಧವನ್ನಾದರೂ ನೆಟ್ಟಗೆ ಇಟ್ಟುಕೊಂಡೆವಾ? ಇಲ್ಲ. ಡಾಂಬರು ಆರುವಷ್ಟರಲ್ಲಿ ಒಬ್ಬರು ಸೌದೆ ಒಟ್ಟಿದರು. ಇನ್ನೊಬ್ಬರು ಹಸು ಕಟ್ಟಿದರು. ಮತ್ತೊಬ್ಬರು ಟ್ರಾಕ್ಟರ್ ಟ್ರೈಲರು ತಂದು ನಿಲ್ಲಿಸಿದರು. ಸುಗ್ಗಿ ಬಂದಾಗ ರಸ್ತೆ ಪಕ್ಕದ ರೈತ ಮುನಿಶಾಮಣ್ಣ ಹುರುಳಿ ಹರಡಿದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುರುಳಿ ಕಿತ್ತು ರಸ್ತೆ ಮೇಲೆ ಹಾಕಿಬಿಟ್ಟರೆ ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಎತ್ತು ಬೇಡ, ಒಕ್ಕಣೆಯ ಕಲ್ಲುಗುಂಡು ಬೇಡ, ಆಳೂ ಬೇಡ. ಮುನಿಶಾಮಣ್ಣನಿಗೆ ಬಸ್ಸೆಂದರೆ ಇನ್ನೂ ಪ್ರೀತಿ. ಬಸ್ಸು ಒಂದು ಸಲ ಹಾದರೆ ನಾಲ್ಕು ಜೊತೆ ಎತ್ತು ತುಳಿದಂತೆ ಎಂದು ಕವೆಗೋಲು ಹಿಡಿದು ಕಾಯುತ್ತಿದ್ದ.

ಅದೇ ಬಸ್ಸು ಅವನ ಹೆಂಡತಿ ಹನುಮಂತಮ್ಮನ ಜೀವ. ಆಕೆಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ಮಂಗಳವಾರ, ಶನಿವಾರ ರಾಮನಗರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಬೆಳಗಿನ ಬಸ್ಸು ಹಿಡಿದರೆ ಪಾಳಿ ಸಿಗುತ್ತದೆ. ತಪ್ಪಿದರೆ ಮೆಷೀನು ಮುಂದಿನವರಿಗೆ ಹೋಗುತ್ತದೆ. ಒಂದು ಪಾಳಿ ತಪ್ಪಿತೆಂದರೆ ಕಾಲು ಊದಿ, ಉಸಿರು ಹಿಡಿದು, ಮಲಗಲೂ ಆಗದೆ ಒದ್ದಾಡುತ್ತಾಳೆ.

ಒಂದು ಶುಕ್ರವಾರ ಸಂಜೆ ಕಾವೇರಮ್ಮ ನನ್ನ ಅಂಗಡಿ ಬೆಂಚಿನ ಮೇಲೆ ಕೂತು ಮುನಿಶಾಮಣ್ಣನಿಗೆ ಸಮಾಧಾನವಾಗಿಯೇ ಹೇಳಿದಳು. ಹುರುಳಿ ಕಡ್ಡಿಯ ಮೇಲೆ ಬೈಕು ಜಾರುತ್ತದೆ, ಚಕ್ರಕ್ಕೆ ಬಳ್ಳಿ ಸುತ್ತಿಕೊಳ್ಳುತ್ತದೆ, ತಪ್ಪಿಸಿಕೊಳ್ಳಲು ಹೋದ ಗಾಡಿಗಳು ಒಂದೇ ಬದಿಗೆ ನುಗ್ಗಿ ಜಾಮ್ ಆಗುತ್ತದೆ ಎಂದಳು. ಮುನಿಶಾಮಣ್ಣ ಬೀಡಿ ಹಚ್ಚಿಕೊಂಡು ಕೇಳಿಸಿಕೊಂಡ. ಆಮೇಲೆ ತನ್ನ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದ.

"ಈ ರಸ್ತೆ ನುಂಗಿದ್ದು ನನ್ ಕಣನ ಕಣವ್ವಾ. ನಮ್ಮಪ್ಪನ ಕಾಲದಿಂದ ಅಲ್ಲೇ ಒಕ್ಕಣೆ ಮಾಡ್ಕಂಡಿದ್ವಿ. ವರ್ಸದಾಗೆ ಒಂದ್ ವಾರ ನಾನು ವಾಪಸ್ ಕೇಳುದ್ರೆ ಏನ್ ತಪ್ಪೈತೆ?"

ಅವನ ಮಾತು ಸುಳ್ಳಲ್ಲ. ರಸ್ತೆ ಅಗಲ ಮಾಡುವಾಗ ಅವನ ಕಣ ಪೂರ್ತಿ ಹೋಯಿತು. ಪರಿಹಾರ ಬಂತು, ಅದು ಹೆಂಡತಿಯ ಔಷಧಿಗೇ ಕರಗಿತು. ಅವನ ಸಂಕಟ ನನಗೂ ಅರ್ಥವಾಗುತ್ತದೆ.

ಕಾವೇರಮ್ಮ ಬೆಂಚಿನ ಮೇಲೆ ಅವನ ಕಡೆಗೆ ತಿರುಗಿ ಕೂತಳು. ಆಮೇಲೆ ಹೇಳಿದಳು: "ಕಣ ಹೋಗಿದ್ದು ದಿಟ ಕಣಣ್ಣ. ನಾನೇ ನಿನ್ತಾವ ಬಂದು ಒಪ್ಪಿಸ್ದೋಳು, ಇಲ್ಲ ಅನ್ನಾಕಿಲ್ಲ. ಆದ್ರೆ ರಸ್ತೆಗೆ ಅಂತ ಕೊಟ್ಮೇಲೆ ಅದು ನಿಂದೂ ಅಲ್ಲ, ನಂದೂ ಅಲ್ಲ. ಏರಿಯಿಂದಾಚೆ ರಸ್ತೆಗೆ ದುಡ್ಡು ಕೇಳಾಕೆ ಯಾವ್ ಮಕ ಇಟ್ಕಂಡ್ ಹೋಗ್ಲಿ? ಇಂಜಿನಿಯರ್ ಬಂದು, ಕೊಟ್ಟಿರೋದ್ನೇ ಕಣ ಮಾಡ್ಕಂಡಿದ್ದೀರಲ್ಲ ಅಂದ್ರೆ ಏನ್ ಹೇಳ್ಲಿ?"

ಕೆರೆ ಪಕ್ಕದಲ್ಲಿ ಊರಿನ ಹಳೆಯ ಕಣವಿದೆ, ಗಿಡಗಂಟಿ ಬೆಳೆದಿದೆ, ಎಲ್ಲರೂ ಸೇರಿ ಹಸನು ಮಾಡೋಣ ಎಂದೂ ಅವಳು ಹೇಳಿದಳು. ಅಷ್ಟು ದೂರ ಹೊರೆ ಹೊರುವವರು ಯಾರು ಎಂದು ಮುನಿಶಾಮಣ್ಣ ಎದ್ದು ಹೋದ. ಇನ್ನೆರಡು ದಿನ ಬಿಟ್ಟರೆ ಕಾಳು ಬಿಟ್ಟುಕೊಳ್ಳುತ್ತದೆ, ಆಮೇಲೆ ತೆಗೆಯುತ್ತೇನೆ ಎಂದು ಹೋಗುವಾಗ ಹೇಳಿದ. ಕಾವೇರಮ್ಮ ನನ್ನ ಮುಖ ನೋಡಿದಳು. ನಾನು ಕಾಫಿ ಕೊಟ್ಟೆ. ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಮಾರನೆಯ ದಿನ ಶನಿವಾರ. ಹನುಮಂತಮ್ಮ ಎಂದಿನಂತೆ ಚೀಲ ಹಿಡಿದು ಬಂದು ಬಸ್ಸು ಹತ್ತಿದಳು. ಅವತ್ತು ಡ್ರೈವರು ಪುಟ್ಟಸ್ವಾಮಿ, ನಿಧಾನಸ್ಥ ಮನುಷ್ಯ. ಬಸ್ಸು ಹೊರಟು ಮುನಿಶಾಮಣ್ಣನ ಹುರುಳಿಯ ಹತ್ತಿರ ಬಂದಿತ್ತಷ್ಟೆ. ಎದುರಿನಿಂದ ಬಂದ ರೆಸಾರ್ಟಿನ ಕಾರೊಂದು ನಿಂತಿದ್ದ ಟ್ರೈಲರನ್ನು ತಪ್ಪಿಸಲು ನಡುರಸ್ತೆಗೆ ನುಗ್ಗಿತು. ಪುಟ್ಟಸ್ವಾಮಿ ಬ್ರೇಕ್ ಹಾಕಿದ. ಹುರುಳಿ ಕಡ್ಡಿಯ ಮೇಲೆ ಬಸ್ಸು ನಿಲ್ಲಲಿಲ್ಲ. ಹಾಗೇ ಜಾರಿಕೊಂಡು ಹೋಗಿ ಹಿಂದಿನ ಚಕ್ರ ಚರಂಡಿಗೆ ಇಳಿಯಿತು.

ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ರಸ್ತೆ ಪೂರ್ತಿ ಬಂದ್ ಆಯಿತು. ಆ ಕಡೆ ಕಾರುಗಳು, ಈ ಕಡೆ ಹಾಲಿನ ಗಾಡಿ. ಗೂಡು ಸಾಗಿಸುವ ಸನಾವುಲ್ಲಾ ತನ್ನ ಆಟೊದಲ್ಲಿ ಹನುಮಂತಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದು ಬಂದ. ಬಂದವನ ಆಟೊವೂ ನಡುವೆ ಸಿಕ್ಕಿಕೊಂಡಿತು. ಅಕ್ಕಪಕ್ಕದಲ್ಲಿ ಸೌದೆ, ಹಸು, ಟ್ರೈಲರು. ಅಗಲ ಮಾಡಿದ ರಸ್ತೆಯಲ್ಲಿ ಒಂದು ಆಟೊ ತೂರುವಷ್ಟು ಜಾಗ ಇರಲಿಲ್ಲ. ನನಗೆ ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ.

ಹನುಮಂತಮ್ಮನನ್ನು ಇಳಿಸಿ ನನ್ನ ಅಂಗಡಿ ಬೆಂಚಿನ ಮೇಲೆ ಕೂರಿಸಿದೆವು. ಕಾಲು ಆಗಲೇ ಊದಿತ್ತು. ನೀರು ಕೊಡೋಣವೆಂದರೆ ಡಾಕ್ಟರು ಹೆಚ್ಚು ನೀರು ಕುಡಿಯಬೇಡ ಎಂದಿದ್ದಾರೆ. ಸೆರಗಿನಿಂದ ಗಾಳಿ ಹಾಕುತ್ತಾ ನಿಂತೆ. ಮುನಿಶಾಮಣ್ಣ ಕವೆಗೋಲು ಹಿಡಿದುಕೊಂಡೇ ಓಡಿ ಬಂದ. ಕೋಲನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಹನುಮಂತಮ್ಮ ಬಯ್ಯಲಿಲ್ಲ. ಬಯ್ಯುವಷ್ಟು ಉಸಿರೂ ಆಕೆಗಿರಲಿಲ್ಲ. ತಡೆದು ತಡೆದು ಇಷ್ಟೇ ಹೇಳಿದಳು: "ಹುರುಳಿ ನಾಕ್ ದಿನ ತಡ್ಕತದೆ. ನಾನ್ ತಡ್ಕಳಾಕಾಗಲ್ಲ."

ಮುನಿಶಾಮಣ್ಣ ತಿರುಗಿ ರಸ್ತೆಗೆ ಹೋದ. ಕಾಳು ಬಿಡಿಸಿದ್ದೋ ಬಿಡಿಸದ್ದೋ ನೋಡಲಿಲ್ಲ, ಹುರುಳಿಯನ್ನೆಲ್ಲ ಬಾಚಿ ಬಾಚಿ ಬದಿಗೆ ಎಸೆದ. ಕಾವೇರಮ್ಮ ಸೆರಗು ಸಿಕ್ಕಿಸಿಕೊಂಡು ಕೈಹಾಕಿದಳು. ಟ್ರೈಲರಿನವನು, ಸೌದೆಯವರು ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಬಂದು ತಮ್ಮ ತಮ್ಮದನ್ನು ತೆಗೆದರು. ದಾರಿ ಬಿಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸನಾವುಲ್ಲಾ ಗಂಡಹೆಂಡಿರನ್ನು ಕೂರಿಸಿಕೊಂಡು ಹೊರಟ. ಪಾಳಿ ತಪ್ಪಿಹೋಗಿತ್ತು. ಕೈಕಾಲು ಹಿಡಿದು ಬೇಡಿಕೊಂಡ ಮೇಲೆ ಕೊನೆಯ ಪಾಳಿಯಲ್ಲಿ ಒಂದು ಮೆಷೀನು ಸಿಕ್ಕಿತಂತೆ. ಅಲ್ಲಿಯವರೆಗೆ ಮುನಿಶಾಮಣ್ಣ ಹೆಂಡತಿಯ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ.

ಪುಟ್ಟಸ್ವಾಮಿ ಡಿಪೋಗೆ ವಿಷಯ ತಿಳಿಸಲೇಬೇಕಾಯಿತು. ಇನ್ನೊಂದು ಸಲ ಹೀಗಾದರೆ ಬಸ್ಸನ್ನು ಕೈಲಾಂಚದಲ್ಲೇ ತಿರುಗಿಸುತ್ತಾರೆ ಎಂದು ಬಂದು ಹೇಳಿದ. ಕೈಲಾಂಚದವರೆಗೆ ನಡೆಯಲು ಹನುಮಂತಮ್ಮನ ಕೈಲಿ ಆಗುವುದಿಲ್ಲ. ಆಕೆಯೊಬ್ಬಳದೇ ಅಲ್ಲ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳದೂ ಅದೇ ಪಾಡು.

ಸೋಮವಾರ ಬೆಳಿಗ್ಗೆ ನಾವು ಹೆಂಗಸರು ಕುಡುಗೋಲು ಹಿಡಿದು ಕೆರೆ ಪಕ್ಕದ ಹಳೆಯ ಕಣಕ್ಕೆ ಹೋದೆವು. ಅಲ್ಲಿ ನಮಗಿಂತ ಮುಂಚೆ ಯಾರೋ ಅರ್ಧ ಗಿಡಗಂಟಿ ಸವರಿ ಹಾಕಿದ್ದರು. ನೋಡಿದರೆ ಮುನಿಶಾಮಣ್ಣ. ನಮ್ಮನ್ನು ಕಂಡು ಬೆನ್ನು ನೆಟ್ಟಗೆ ಮಾಡಿಕೊಂಡ.

"ಗ್ರಾಮಸಭೇಲಿ ಇದುನ್ನ ಊರ್ ಕಣ ಅಂತ ಬರ್ಸವ್ವಾ ಕಾವೇರಮ್ಮ," ಎಂದ. "ನಾನೂ ಬಂದು ಕೈ ಎತ್ತೀನಿ."

ಎರಡು ದಿನ ಸವರಿ, ನೆಲ ತಟ್ಟಿ, ಸಗಣಿ ಸಾರಿಸಿ ಕಣ ಮಾಡಿದೆವು. ಹೊರೆ ಸಾಗಿಸಲು ಟ್ರೈಲರಿನವನೇ ಒಪ್ಪಿಕೊಂಡ. ನಾನೂ ಅಂಗಡಿ ಮುಂದೆ ರಸ್ತೆಗೆ ಚಾಚಿದ್ದ ಬೆಂಚನ್ನು ಒಳಗೆ ಎಳೆದುಕೊಂಡೆ. ಈಗ ಬಸ್ಸು ಊರೊಳಗೆ ಎಲ್ಲೂ ಸಿಕ್ಕಿಕೊಳ್ಳದೆ ಹೋಗುತ್ತದೆ. ಮಂಗಳವಾರ, ಶನಿವಾರ ಮುನಿಶಾಮಣ್ಣ ಬಸ್ಸು ಕೆರೆ ಏರಿ ದಾಟುವವರೆಗೆ ರಸ್ತೆ ಬದಿಯಲ್ಲಿ ನಿಂತಿರುತ್ತಾನೆ. ಏರಿಯಾಚೆಯ ಕಿರಿದಾದ ರಸ್ತೆಗೆ ದುಡ್ಡು ಇನ್ನೂ ಬಂದಿಲ್ಲ. ಕಾವೇರಮ್ಮ ಮತ್ತೆ ಆಫೀಸಿಗೆ ಅಲೆಯುತ್ತಿದ್ದಾಳೆ. ಈ ಸಲ ಅವಳ ಜೊತೆ ಮುನಿಶಾಮಣ್ಣನೂ ಹೋಗುತ್ತಾನೆ.

ಇದನ್ನು ಕೇಳುತ್ತಿರುವ ಅಕ್ಕ, ತಂಗಿಯರೇ, ಅಣ್ಣಂದಿರೇ, ಒಸಿ ಎದ್ದು ನಿಮ್ಮ ಮನೆ ಮುಂದಿನ ರಸ್ತೆ ನೋಡಿ ಬನ್ನಿ. ಅಲ್ಲಿ ನಿಮ್ಮ ಸೌದೆ, ಹಸು, ಗಾಡಿ, ರಾಗಿ, ಹುರುಳಿ ಏನಿದ್ದರೂ ಇವತ್ತೇ ತೆಗೆಯಿರಿ. ರಸ್ತೆಗೆ ಕಣ ಕಳೆದುಕೊಂಡವರು ನಿಮ್ಮೂರಲ್ಲಿದ್ದರೆ ಅವರಿಗೊಂದು ಕಣ ಬೇಕೆಂದು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಕೇಳಿ. ಬಾಕಿ ರಸ್ತೆಗೆ ಅನುದಾನವನ್ನೂ ಕೇಳಿ, ಕೇಳುವುದನ್ನು ನಿಲ್ಲಿಸಬೇಡಿ. ಬಂದ ಬಸ್ಸಿನಲ್ಲಿ ಯಾರ ಮನೆಯವರು ಕೂತಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಮುನಿಶಾಮಣ್ಣನಿಗೆ ಗೊತ್ತಿತ್ತು, ಆದರೂ ಹರಡಿದ. ನೀವು ಹರಡಬೇಡಿ.