ಮನೆಯಲ್ಲೇ ಉಳಿದ ಸಣ್ಣ ಚೀಲ

ಪ್ರವಾಸಕ್ಕೆ ಹೊರಟವರ ಮನೆಯಲ್ಲಿ ಒಂದು ತಕರಾರು ಇದ್ದೇ ಇರುತ್ತದೆ. ಚೀಲದ ಜಿಪ್ ಮುಚ್ಚುವುದಿಲ್ಲ. ಏನನ್ನಾದರೂ ತೆಗೆಯಲೇಬೇಕು. ಆಗ ಹೊರಗೆ ಬರುವುದು ತಿಂಡಿಯ ಡಬ್ಬಿಯಲ್ಲ, ಹೊಸ ಅಂಗಿಯೂ ಅಲ್ಲ. "ಇದೊಂದು ಬೇಕಾಗಲಿಕ್ಕಿಲ್ಲ" ಎನಿಸುವ ಯಾವುದೋ ಸಣ್ಣ ಗಂಟು. ಊರು ಬಿಟ್ಟು ಮದ್ರಾಸಿಗೆ ಬಂದು ಎಷ್ಟು ಕಾಲವಾದರೂ ನಮ್ಮವರಿಗೆ ಈ ಬುದ್ಧಿ ಹೋಗಿಲ್ಲ.

ವಡಪಳನಿಯ ಸುಬ್ರಾಯರ ಮನೆಯಲ್ಲಿ ಈ ಬುದ್ಧಿ ಒಂದು ಜೀವವನ್ನೇ ತೆಗೆಯಿತು.

ಸುಬ್ರಾಯರು ಕುಂದಾಪುರದ ಕಡೆಯವರು. ಕೆಳಗೆ ಹೋಟೆಲು, ಮೇಲೆ ಮನೆ. ಮನೆಯಲ್ಲಿ ಈಗ ಮೂವರೇ ಇದ್ದಾರೆ: ಸುಬ್ರಾಯರು, ಕಿರಿಯ ಮಗ ಮಧ್ವರಾಜ, ಹಿರಿಯ ಮಗ ಶ್ರೀಶನ ಹೆಂಡತಿ ತುಂಗಾ. ಶ್ರೀಶ ಕೆಲವು ವರ್ಷಗಳ ಹಿಂದೆ ಗೆಳೆಯರ ಜೊತೆ ರಜೆಗೆಂದು ಹಡಗಿನಲ್ಲಿ ಅಂಡಮಾನಿಗೆ ಹೋಗಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಅವನಿಗೆ ಹುಚ್ಚಿನಷ್ಟು ಇಷ್ಟ. ಅಲ್ಲಿಂದ ಅವನ ಹೆಣ ಬಂತು.

ನೀರಿನೊಳಗೆ ಎದೆಬಡಿತ ನಿಂತಿತು ಎಂದು ಸುಬ್ರಾಯರು ತಿಳಿದುಕೊಂಡಿದ್ದರು. ಮಧ್ವರಾಜನೂ ಹಾಗೇ ತಿಳಿದಿದ್ದ. ನಿಜ ಗೊತ್ತಿದ್ದದ್ದು ತುಂಗಾಳಿಗೆ. ಶ್ರೀಶನ ಜೊತೆ ನೀರಿಗಿಳಿದಿದ್ದ ಗೆಳೆಯ ಹರಿದಾಸ ಅವಳೊಬ್ಬಳಿಗೇ ಹೇಳಿದ್ದ. ಮಾವನ ಕಿವಿಗೆ ಇದು ಬೀಳಬಾರದು ಎಂದು ಅವಳೇ ಅವನ ಬಾಯಿ ಕಟ್ಟಿದ್ದಳು. ಯಾಕೆಂದರೆ ಆ ಸಾವಿನ ಒಂದು ತುದಿ ಮಾವನ ಕೈಯಲ್ಲಿತ್ತು.

2007ರ ಜನವರಿಯಲ್ಲಿ ಮಧ್ವರಾಜ ಅದೇ ಅಂಡಮಾನಿಗೆ ಹೊರಟ. ಅಣ್ಣ ಕೊನೆಗೆ ಕಂಡ ನೀರನ್ನು ತಾನೂ ಕಾಣಬೇಕೆಂದು ಸ್ಕೂಬಾ ಕಲಿತಿದ್ದ. ಸುಬ್ರಾಯರು ಬೇಡವೆಂದು ಹೇಳಿ ಹೇಳಿ ಸೋತಿದ್ದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಡುಮನೆಯಲ್ಲಿ ಚೀಲ ಬಾಯಿ ತೆರೆದು ಕೂತಿತ್ತು. ತುಂಗಾ ಅಟ್ಟದಿಂದ ಶ್ರೀಶನ ಬದಲಿ ಸಾಮಾನಿನ ಸಣ್ಣ ಚೀಲ ಇಳಿಸಿ ತಂದಳು.

"ಇದನ್ನು ಮೊದಲು ಇಡು ಮಧ್ವ."

ಮಧ್ವರಾಜ ಬಿಚ್ಚಿ ನೋಡಿದ. "ಇದೆಂತ ಅತ್ತಿಗೆ, ಸ್ಪ್ಯಾನರು, ರಬ್ಬರು, ಪಟ್ಟಿ. ನಾನು ರಜೆಗೆ ಹೋಗುವುದಾ, ವರ್ಕ್‌ಶಾಪ್ ಇಡ್ಲಿಕ್ಕೆ ಹೋಗುವುದಾ?"

"ನೀರಿನೊಳಗೆ ಹಾಕುವ ಮಾಸ್ಕಿನ ಪಟ್ಟಿ ತುಂಡಾದ್ರೆ ಎಂತ ಮಾಡ್ತಿ?"

"ಹಡಗಿನಲ್ಲಿ ಕೇಳಿದ್ರೆ ಸಿಗ್ತದೆ."

"ಹಡಗಿನ ಅಂಗಡಿಯಲ್ಲಿ ಬಿಸ್ಕತ್ತು ಸಿಗ್ತದೆ, ಸೋಪು ಸಿಗ್ತದೆ. ನಿನ್ನ ಮಾಸ್ಕಿಗೆ ಆಗುವ ಪಟ್ಟಿ ಯಾರು ಇಟ್ಟುಕೊಂಡು ಕೂತಿರ್ತಾರೆ? ದ್ವೀಪದಲ್ಲಿ ಕೇಳಿದ್ರೆ ಮದ್ರಾಸಿನಿಂದ ಬರ್ಬೇಕು ಅಂತಾರೆ. ನೀನು ಮದ್ರಾಸಿನಿಂದಲೇ ಹೋದವ."

"ಅಡ್ಜಸ್ಟ್ ಮಾಡುವಾ ಅತ್ತಿಗೆ. ನಾವು ಹೋಟೆಲಿನವರು. ಇಡ್ಲಿ ಸ್ಟೀಮರ್ ಕೆಟ್ಟ ದಿನ ಒಮ್ಮೆಯಾದ್ರೂ ಹೋಟೆಲ್ ಬಾಗಿಲು ಹಾಕಿದ್ದುಂಟಾ?"

ಅದು ನಿಜ. ಗ್ರೈಂಡರಿನ ಬೆಲ್ಟ್ ಹರಿದರೆ ಹಗ್ಗ ಕಟ್ಟಿ, ಕುಕ್ಕರಿನ ರಬ್ಬರ್ ಸಡಿಲವಾದರೆ ದಾರ ಸುತ್ತಿ, ಹೇಗಾದರೂ ಸರಿ, ಹೊತ್ತಿಗೆ ಎಲೆ ಹಾಕಿ ಬಡಿಸಿದ ಮನೆ ಅದು. ಅದೇ ಅವರ ಹೆಮ್ಮೆ.

ಅಷ್ಟರಲ್ಲಿ ಸುಬ್ರಾಯರು ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಚಕ್ಕುಲಿ ಡಬ್ಬಿ, ಇನ್ನೊಂದರಲ್ಲಿ ಕಾಗದದ ಸಣ್ಣ ಪೊಟ್ಟಣ. ಜಿಪ್ ಎಳೆದು ನೋಡಿದರು, ಮುಚ್ಚಲಿಲ್ಲ. ತುಂಗಾ ಇಟ್ಟ ಸಣ್ಣ ಚೀಲ ತೆಗೆದು ಪಕ್ಕಕ್ಕಿಟ್ಟು ಡಬ್ಬಿಗೆ ಜಾಗ ಮಾಡಿದರು.

"ಈ ಭಾರ ಬೇಡ ಮಗಾ. ಈ ಪೊಟ್ಟಣದಲ್ಲಿ ಗ್ಯಾಸಿನ ವಾಷರ್ ಉಂಟು, ಹೊಸತು. ನಿನ್ನ ಸಿಲಿಂಡರಿಗೂ ಆಗ್ತದೆ. ಸಿಲಿಂಡರ್ ಅಂದ್ರೆ ಸಿಲಿಂಡರೇ ಅಲ್ವಾ?"

ತುಂಗಾ ಕಣ್ಣೆತ್ತಿ ಪೊಟ್ಟಣ ನೋಡಿದಳು. ಅದೇ ಡಬ್ಬಿ, ಅದೇ ಪೊಟ್ಟಣ, ಅದೇ ಮಾತು. ಶ್ರೀಶ ಹೊರಟ ದಿನವೂ ಮಾವ ಹೀಗೇ ಈ ಸಣ್ಣ ಚೀಲವನ್ನು ತೆಗೆದಿಟ್ಟಿದ್ದರು. ಹೇಳಿದರೆ ಮಾವ ಕುಸಿಯುತ್ತಾರೆ. ಹೇಳದಿದ್ದರೆ ಮೈದುನ ಆ ಪೊಟ್ಟಣ ಹಿಡಿದುಕೊಂಡು ಹೋಗುತ್ತಾನೆ. ಅವಳು ಗೋಡೆಗೆ ಒರಗಿ ಕೂತಳು.

"ಮಾವ, ಅದನ್ನು ಕೊಡ್ಬೇಡಿ."

"ಎಂತಕ್ಕೆ?"

"ಇವರು ಹೋದದ್ದು ಎದೆಬಡಿತ ನಿಂತು ಅಲ್ಲ."

ಸುಬ್ರಾಯರು ಡಬ್ಬಿ ಹಿಡಿದುಕೊಂಡೇ ನಿಂತರು. ತುಂಗಾ ಒಂದೊಂದಾಗಿ ಹೇಳಿದಳು. ದ್ವೀಪದಲ್ಲಿ ನೀರಿಗೆ ಇಳಿಯುವ ಮುಂಚೆ ಶ್ರೀಶನ ಸಿಲಿಂಡರಿನ ಬಾಯಲ್ಲಿದ್ದ ರಬ್ಬರ್ ರಿಂಗ್ ಸೀಳಿರುವುದು ಕಂಡಿತು. ಬದಲಿ ರಿಂಗ್ ಮನೆಯ ಅಟ್ಟದಲ್ಲಿತ್ತು. ಈ ದಿನ ಬಿಡು, ನಾಳೆ ಯಾರಲ್ಲಾದರೂ ಕೇಳೋಣ ಎಂದು ಹರಿದಾಸ ಹೇಳಿದ. ಶ್ರೀಶ ನಕ್ಕು, ಜೇಬಿನಿಂದ ಗ್ಯಾಸಿನ ವಾಷರ್ ತೆಗೆದು ಕೂರಿಸಿದ. ಕಣ್ಣಿಗೆ ಎರಡೂ ಒಂದೇ. ದೋಣಿಯ ಮೇಲೆ ಅದು ಚೆನ್ನಾಗಿಯೇ ನಿಂತಿತು.

"ಅಡುಗೆ ಗ್ಯಾಸಿಗಿಂತ ಈ ಸಿಲಿಂಡರಿನ ಒತ್ತಡ ಹತ್ತಾರು ಪಟ್ಟು ಹೆಚ್ಚಂತೆ ಮಾವ. ಆಳದಲ್ಲಿದ್ದಾಗ ವಾಷರ್ ಕಿತ್ತು ಬಂತು. ಗಾಳಿಯೆಲ್ಲ ಹೊರಗೆ ಹೋಯ್ತು. ಹರಿದಾಸ ದೂರ ಇದ್ದ. ಇವರು ಹೆದರಿ, ಉಸಿರು ಬಿಗಿ ಹಿಡಿದು ಒಂದೇ ಸಲಕ್ಕೆ ಮೇಲೆ ಬಂದ್ರು. ಹಾಗೆ ಬಂದ್ರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿದು ಹೋಗ್ತದೆ."

 ಸುಬ್ರಾಯರು ಡಬ್ಬಿ ಕೆಳಗಿಟ್ಟು ಪೊಟ್ಟಣ ಬಿಚ್ಚಿದರು.

"ಆ ವಾಷರ್ ನಾನು ಕೊಟ್ಟದ್ದಾ?"

ಇಲ್ಲ ಎನ್ನುವ ಮಾತು ತುಂಗಾಳ ನಾಲಿಗೆ ತುದಿಗೆ ಬಂತು. ಮೈದುನನ ಮುಖ ನೋಡಿದಳು.

"ಹೌದು ಮಾವ. ಪ್ರೀತಿಯಲ್ಲಿ ಕೊಟ್ಟದ್ದು."

ಸುಬ್ರಾಯರು ಕೆಳಗಿಳಿದು ಹೋದರು. ಆ ಸಂಜೆ ಗಲ್ಲಾಪೆಟ್ಟಿಗೆಯ ಎದುರು ಅವರು ಕೂರಲಿಲ್ಲ. ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರುಗಳ ಸಾಲಿನ ಎದುರು ಒಂದು ಸ್ಟೂಲು ಹಾಕಿಕೊಂಡು ಕೂತಿದ್ದರು. ಅಡುಗೆಯ ಭಟ್ಟರು ತಂದಿಟ್ಟ ಕಾಫಿ ಆರಿ ಹೋಯಿತು. ತುಂಗಾ ಹೋಗಿ ಪಕ್ಕದಲ್ಲಿ ನಿಂತಾಗ, "ಇಷ್ಟು ವರ್ಷ ನೀನೊಬ್ಬಳೇ ಇದನ್ನು ಹೊತ್ತೆಯಲ್ಲ ಮಗಳೇ" ಎಂದು ಅತ್ತರು. ಸೊಸೆಯನ್ನು ಅವರು ಮಗಳೇ ಎಂದು ಕರೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಸುಬ್ರಾಯರೇ ಮಗನನ್ನು ಕರೆದುಕೊಂಡು ಎಗ್ಮೋರಿನ ಬಳಿ ಸ್ಕೂಬಾ ಸಾಮಾನು ಮಾರುವ ಅಂಗಡಿಗೆ ಹೋದರು. ಅಟ್ಟದಲ್ಲಿ ಕೂತು ಒಣಗಿದ್ದ ರಬ್ಬರನ್ನೆಲ್ಲ ಅಲ್ಲೇ ಎಸೆದರು. ಮಗನ ಸಲಕರಣೆಗೆ ಹೊಂದುವ ಹೊಸ ರಿಂಗುಗಳು, ಮಾಸ್ಕಿಗೊಂದು ಪಟ್ಟಿ, ಕಾಲಿಗೆ ಕಟ್ಟಿ ಈಜುವ ಫಿನ್ನಿಗೊಂದು ಪಟ್ಟಿ, ಬಾಯಲ್ಲಿ ಕಚ್ಚುವ ರಬ್ಬರ್ ತುಂಡು, ಟಾರ್ಚಿಗೆ ಬ್ಯಾಟರಿ ಕೊಂಡರು. ಸ್ಪ್ಯಾನರ್ ಹಳೆಯದೇ ಸಾಕಾಯಿತು. ಮಧ್ವರಾಜ ಎಲ್ಲವನ್ನೂ ಅಲ್ಲೇ ಜೋಡಿಸಿ, ನೀರಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದ. ಸುಬ್ರಾಯರೂ ಬಗ್ಗಿ ನೋಡಿದರು.

ಸಣ್ಣ ಚೀಲವನ್ನು ಸುಬ್ರಾಯರೇ ಮೊದಲು ಇಟ್ಟರು. ಚಕ್ಕುಲಿ ಡಬ್ಬಿಗೆ ಜಾಗವಾಗಲಿಲ್ಲ. ಮಧ್ವರಾಜ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರಿಗೆ ಹೋದ.

ವಾರವಾದ ಮೇಲೆ ಹೋಟೆಲಿಗೆ ಮಧ್ವರಾಜನ ಫೋನ್ ಬಂತು. "ಅಪ್ಪ, ಉಸಿರೆಳೆಯುವ ರೆಗ್ಯುಲೇಟರಿನಿಂದ ಗುಳ್ಳೆ ಬರ್ತಾ ಉಂಟು. ರಿಂಗ್ ಬದಲಿಸಿದೆ, ನಿಲ್ಲಲಿಲ್ಲ. ಎಲ್ಲರೂ ಇಳಿದ್ರು. ನಾನೊಬ್ಬ ದಡದಲ್ಲಿ ಕೂತಿದ್ದೇನೆ."

"ಒಳ್ಳೇದಾಯ್ತು ಮಗಾ. ಚಕ್ಕುಲಿ ಉಂಟಲ್ಲ, ತಿನ್ನು."

ಫೋನ್ ಇಟ್ಟು ಸುಬ್ರಾಯರು ಗಿರಾಕಿಗಳ ಎದುರೇ ಮುಖ ಮುಚ್ಚಿಕೊಂಡರು. ಶ್ರೀಶ ಒಂದೇ ಒಂದು ದಿನ ಹಾಗೆ ಕೂತಿದ್ದರೆ ಸಾಕಿತ್ತು.

ಓದುವವರೇ, ನಿಮ್ಮ ಮನೆಯಿಂದಲೂ ಯಾರಾದರೂ ಹಡಗು ಹತ್ತಿ, ನೀರಿಗಿಳಿಯುವ ಆಸೆಯಿಂದ ಹೊರಟಿರಬಹುದು. ಬದಲಿ ಸಾಮಾನಿನ ಸಣ್ಣ ಚೀಲವನ್ನು ಎಲ್ಲಕ್ಕಿಂತ ಮೊದಲು ಇಡಿ. ಅದರಲ್ಲಿರುವುದು ಆ ಸಲಕರಣೆಗೇ ಮಾಡಿದ್ದಾಗಿರಲಿ, ಹೊಸದಾಗಿರಲಿ. ಹೊರಡುವ ಮುಂಚೆ ಒಮ್ಮೆ ಜೋಡಿಸಿ ನೋಡಿ. ಅಡುಗೆಮನೆಯ ಜಾಣತನ ಅಡುಗೆಮನೆಯಲ್ಲೇ ಇರಲಿ. ಈ ಕಥೆಯನ್ನು ತಮ್ಮ ಹೆಸರು ಮುಚ್ಚಿಡದೆ ಬರೆಯಲು ಹೇಳಿದವರು ಸುಬ್ರಾಯರು. ಕೊನೆಗೆ ಇಷ್ಟು ಸೇರಿಸಿ ಎಂದರು: "ಸರಿಯಾದ ರಿಂಗ್ ಇಲ್ಲದಿದ್ರೆ ಆ ದಿನ ಇಳೀಬೇಡಿ ಮಕ್ಕಳೇ. ದಡದಲ್ಲಿ ಕೂತವರು ಮನೆಗೆ ಬರ್ತಾರೆ."