ಹಿಂದಿನ ಮಂಚದ ಭಾರ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮೊದಲ ಸಲ, ನಾನು, ಮಗ, ಸೊಸೆ ಮೂವರೂ ಅವರ ಕ್ಯಾರವಾನನ್ನು, ಅಂದರೆ ಮಂಚ-ಒಲೆಗಳಿಗೆ ಜಾಗವಿರುವ ಆ ಗಾಲಿಮನೆಯನ್ನು, ಜೀಪಿನ ಹಿಂದೆ ಕಟ್ಟಿಕೊಂಡು ಅವರ ಮೆಚ್ಚಿನ ಕೆರೆದಂಡೆಗೆ ಹೊರಟೆವು. ಜೀಪು ಓಡಿಸುತ್ತಿದ್ದವಳು ಸೊಸೆ. ಇಳಿಜಾರಿನಲ್ಲಿ ಕ್ಯಾರವಾನು ಇದ್ದಕ್ಕಿದ್ದಂತೆ ಅತ್ತಿತ್ತ ಹೊಯ್ದಾಡಿ ಜೀಪನ್ನೇ ಎಳೆದಾಡತೊಡಗಿತು.

"ಬ್ರೇಕ್ ಒತ್ತೇ!" ಎಂದು ಮಗ ಕೂಗಿದ.

"ನೀವು ಸ್ವಲ್ಪ ಸುಮ್ನಿರ್ತೀರಾ? ಒತ್ತಿದ್ರೆ ಮಗುಚುತ್ತೆ. ಮಾವ ಹೇಳಿಕೊಟ್ಟಿದ್ದು ನನಗೆ, ನಿಮಗಲ್ಲ."

ನಾನು ದೇವರ ಹೆಸರು ಹೇಳಿಕೊಳ್ಳತೊಡಗಿದೆ. ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರ ಹಿಡಿದು, ವೇಗ ತಾನಾಗಿ ಇಳಿದ ಮೇಲೆ ರಸ್ತೆಯಂಚಿಗೆ ನಿಲ್ಲಿಸಿದಳು.

ಕ್ಯಾರವಾನಿನ ಬಾಗಿಲು ತೆರೆದರೆ ಕಾರಣ ಕಣ್ಣಿಗೆ ಬಿತ್ತು. ಹಿಂದಿನ ತುದಿಯಲ್ಲಿದ್ದ ಯಜಮಾನರ ಮಂಚದ ಮೇಲೆ ಸಾಮಾನಿನ ಗುಡ್ಡೆ. ಹಿಂದಿನ ತುದಿಗೆ ಭಾರ ಹೇರಿದರೆ ಕ್ಯಾರವಾನು ಹೀಗೆ ಹೊಯ್ದಾಡುತ್ತದೆಂದು ನಮಗೆಲ್ಲ ಗೊತ್ತಿತ್ತು.

"ಡೇರೆ ನಾನಿಟ್ಟೆ. ಮಂಚ ಖಾಲಿ ನೋಡೋಕಾಗ್ಲಿಲ್ಲ," ಎಂದ ಮಗ.

"ನೀರಿನ ಕ್ಯಾನು ನಾನು, ನನಗೂ ನೋಡೋಕಾಗ್ಲಿಲ್ಲ," ಎಂದಳು ಸೊಸೆ.

"ಒಲೆ, ಪಾತ್ರೆ ಮೂಟೆ ನಂದು ಕಣಮ್ಮಾ," ಎಂದೆ.

"ಸರಿ ಹೋಯ್ತು! ಮೂರು ಜನಾನೂ ಒಟ್ಟಿಗೆ ಮಾವನ ಹತ್ರಾನೇ ಹೋಗ್ತಿದ್ವಿ ಅತ್ತೆ," ಎಂದು ಅವಳು ನಗುತ್ತಲೇ ಅತ್ತಳು.

ಎಲ್ಲವನ್ನೂ ಮುಂದಕ್ಕೆ ಸಾಗಿಸಿದೆವು. ಬರಿದಾದ ಮಂಚದ ಹಾಸಿಗೆಯ ಸುಕ್ಕನ್ನು ಕೈಯಿಂದ ಸವರಿದೆ. ಅಳು ಬಂತು, ಆದರೂ ಈಗ ಆ ಖಾಲಿ ಮಂಚವನ್ನು ನೋಡಲು ನನ್ನಿಂದಾಯಿತು. ಕಲಿಸಿ ಹೋದ ಅವರಿಗೂ, ಕಲಿತಿದ್ದನ್ನು ಮರೆಯದ ಸೊಸೆಗೂ, ನಮ್ಮನ್ನು ಕಾಯ್ದ ಭಗವಂತನಿಗೂ ಅಲ್ಲೇ ರಸ್ತೆಯಂಚಿನಲ್ಲಿ ನಿಂತು ಕೈಮುಗಿದೆ.