ಬಣ್ಣದ ವಾಸನೆ

ಶಾಲೆಯ ಹೊಸ ಕೋಣೆಯಲ್ಲಿ ತೂಗುಹಾಕಲೆಂದು ನಾನು ಒಂದು ಅಕ್ಷರಮಾಲೆ ಹೊಲಿದುಕೊಟ್ಟೆ. ನಾನು ದರ್ಜಿ. ಅಂಗಡಿಯಲ್ಲಿ ಉಳಿದ ಚೂರುಗಳಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ ದಪ್ಪ ಬಿಳಿ ಬಟ್ಟೆಯ ಮೇಲೆ ಕೂರಿಸಿದ್ದೆ. ‘ಅ’ ಅಕ್ಷರವನ್ನು ಮಗನ ಚಿಕ್ಕಂದಿನ ಅಂಗಿಯಿಂದ ಕತ್ತರಿಸಿದ್ದೆ. ಕೋಣೆ ಕಟ್ಟಿದ ಗುತ್ತಿಗೆದಾರ ಅವನೇ, ನಮ್ಮ ಒಬ್ಬನೇ ಮಗ. ಅದು ಅವನಿಗೆ ಸಿಕ್ಕ ಮೊದಲ ಸರ್ಕಾರಿ ಕೆಲಸ. ಶಾಲೆಯ ಮುಖ್ಯೋಪಾಧ್ಯಾಯಿನಿ ನನ್ನ ಹೆಂಡತಿ. ಊರಿಗೆಲ್ಲ ಅವಳು ದೊಡ್ಡ ಟೀಚರ್.

ಅವಳ ಕೆಲಸ ಪಾಠಕ್ಕೇ ಮುಗಿಯುತ್ತಿರಲಿಲ್ಲ. ಯಾರ ಮಗುವಿಗೆ ಜ್ವರ ಬಂದರೂ, ಯಾವ ಗಂಡ ಹೆಂಡತಿಯ ಮೇಲೆ ಕೈ ಎತ್ತಿದರೂ ಜನ ಮೊದಲು ತಟ್ಟುವುದು ನಮ್ಮ ಬಾಗಿಲು. ಅವಳು ಅರ್ಧ ಊಟದಲ್ಲಿ ಕೈ ತೊಳೆದು ಹೊರಟುಬಿಡುವಳು.

“ನಿನಗೆ ಎರಡು ಸಂಸಾರ ಕಣೇ,” ಎಂದು ನಾನು ಛೇಡಿಸುತ್ತಿದ್ದೆ.

“ಎರಡು ಕಣ್ಣಿರೋಳಿಗೆ ಯಾವುದನ್ನ ಮುಚ್ಕೋ ಅಂತೀರಿ?” ಎನ್ನುವಳು.

ಅಕ್ಷರಮಾಲೆ ಒಯ್ದ ದಿನವೇ ಅದು ಸುರುಳಿ ಸುತ್ತಿದ ಹಾಗೆಯೇ ಮನೆಗೆ ಮರಳಿತು.

“ಯಾಕೆ, ಹೊಲಿಗೆ ಸರಿ ಬಂದಿಲ್ವಾ?”

“ಹೊಲಿಗೆಗೇನಾಗಿದೆ? ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಬಟ್ಟೆಗೆ ಹಿಡ್ಕೊಳ್ಳತ್ತೆ, ಮಕ್ಕಳಿಗೂ ತಲೆ ಸುತ್ತತ್ತೆ. ಸ್ವಲ್ಪ ದಿನ ಅಂಗಳದಲ್ಲೇ ಕೂರಿಸ್ತೀನಿ.”

ನಾನು ನಂಬಿದೆ. ಮಗ್ಗಿ ತಪ್ಪಿದ ಮಗುವನ್ನು ಅವಳು ನೂರು ಸಲ ಕ್ಷಮಿಸಿಯಾಳು, ಸುಳ್ಳು ಹೇಳಿದ ಮಗುವನ್ನು ಮಾತ್ರ ಇಲ್ಲ. ಅಂಥವಳ ಮಾತನ್ನು ಯಾರು ಅನುಮಾನಿಸುತ್ತಾರೆ?

ಶಾಲೆಯ ಎದುರಿಗೆ ಬೇಕರಿ. ಬೇಕರಿಯವನ ಮಗಳು ಎರಡನೆಯ ತರಗತಿ. ಅವನು ಅಂಗಿಯ ಅಳತೆ ಕೊಡಲು ಬಂದಾಗ ನನ್ನ ಹೆಂಡತಿಯೂ ಅಂಗಡಿಯಲ್ಲಿದ್ದಳು.

“ನನಗಂತೂ ಯಾವ ವಾಸನೇನೂ ಬರಲ್ಲಪ್ಪ. ದೊಡ್ಡ ಟೀಚರ್‌ದು ಮೂಗಲ್ಲ, ಪೊಲೀಸ್ ನಾಯಿ,” ಎಂದ.

“ಬ್ರೆಡ್ ಸೀದಿದ್ದು ನಿನಗೆ ತಿಳಿಯೋದೇ ಗಿರಾಕಿ ಬೈದ ಮೇಲೆ,” ಎಂದಳು ಅವಳು. ಅವನು ಹೊಟ್ಟೆ ಕುಣಿಸಿ ನಕ್ಕ. ನನ್ನ ಟೇಪು ಜಾರಿತು.

ನಡೆದದ್ದು ಏನೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅಕ್ಷರಮಾಲೆಗೆಂದು ಅವಳು ಗೋಡೆಗೆ ಮೊಳೆ ಹೊಡೆದಿದ್ದಳು. ಮೊಳೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತಂತೆ. ಹೊರಗೆಳೆದರೆ ಹಿಂದೆಯೇ ಮರಳು ಸುರಿಯಿತು. ಸುರಿಯುತ್ತಲೇ ಇತ್ತು. ತಲೆಯೆತ್ತಿ ನೋಡಿದರೆ ತೊಲೆಯ ಕೆಳಗೆ ಕೂದಲೆಳೆಯಂಥ ಬಿರುಕು. ಅವಳು ಮರಳನ್ನು ಗುಡಿಸಿ, ಬಾಗಿಲಿಗೆ ಬೀಗ ಹಾಕಿ, ಹೊರಗೆ ನಿಂತಿದ್ದ ಚಿಕ್ಕ ಟೀಚರಿಗೆ, ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ ಹುಡುಗಿಗೆ, ಬಾಯಿಗೆ ಬಂದದ್ದನ್ನು ಹೇಳಿದಳು: ಬಣ್ಣದ ವಾಸನೆ. ಮಕ್ಕಳೂ ಉಳಿದರು, ಮಗನ ಮಾನವೂ ಉಳಿಯಿತು ಎಂದುಕೊಂಡಳು.

ಒಂದು ಬೆಳಿಗ್ಗೆ ಅವಳು ರಜೆ ಹಾಕಿ ಪಕ್ಕದ ಊರಿನಲ್ಲಿದ್ದ ಮಗನನ್ನು ನೋಡಲು ಹೊರಟಳು. ಶಾಲೆಯ ಬೀಗದ ಕೈಗಳನ್ನು ಚಿಕ್ಕ ಟೀಚರಿಗೆ ಕೊಟ್ಟಳು. ಹೊಸ ಕೋಣೆಯ ಕೈಯನ್ನು ಗೊಂಚಲಿನಿಂದ ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿದ್ದರೆ ಏಕೆಂದು ಹೇಳಬೇಕಾಗುತ್ತಿತ್ತು.

“ಎಲ್ಲರೂ ಹೀಗೇ ಕಟ್ಟೋದಮ್ಮ,” ಎಂದನಂತೆ ಮಗ.

“ಎಲ್ಲರ ಅಮ್ಮಂದಿರೂ ಅದರೊಳಗೆ ಮಕ್ಕಳನ್ನ ಕೂರಿಸಲ್ಲ.”

“ದೊಡ್ಡ ರಜೆ ಬರಲಿ. ಸದ್ದಿಲ್ಲದೆ ಒಡೆದು ಕಟ್ಟಿಸ್ತೀನಿ. ಅಲ್ಲೀವರೆಗೂ ನೀನು ಹೇಗೋ ತಳ್ಳು,” ಎಂದ. ಅಷ್ಟಕ್ಕೇ ಅವಳ ಮನಸ್ಸು ಹಗುರಾಯಿತು. ಬಸ್ಸಿನಲ್ಲಿ ಕಿಟಕಿಗೊರಗಿ ನಿದ್ದೆ ಮಾಡಿದಳಂತೆ. ಆ ನಿದ್ದೆಯನ್ನು ಅವಳು ಕೊನೆಯವರೆಗೂ ನೆನೆಯುತ್ತಿದ್ದಳು.

ಆ ಮಧ್ಯಾಹ್ನ ಮಳೆ ಬಿತ್ತು. ಅಂಗಳದಲ್ಲಿದ್ದ ಮಕ್ಕಳು ನೆನೆಯುತ್ತಿದ್ದರು. ಚಿಕ್ಕ ಟೀಚರ್ ಹೊಸ ಕೋಣೆಯ ಬೀಗ ತೆಗೆದು, ಒಳಗೆ ನಿಂತು ಮೂಸಿ ನೋಡಿದಳು. ವಾಸನೆ ಇರಲಿಲ್ಲ. ಎಲ್ಲರನ್ನೂ ಒಳಗೆ ಕರೆದಳು.

ಮೂಲೆಯ ಕಡೆಯ ಛಾವಣಿ ಗೋಡೆಸಮೇತ ಕುಸಿಯಿತು. ಉಳಿದ ಮಕ್ಕಳು ಗಾಯಗೊಂಡು ಹೊರಬಂದರು. ಬೇಕರಿಯವನ ಮಗಳನ್ನು ಅವಳ ಅಪ್ಪನೇ ಹಿಟ್ಟಿನ ಕೈಯಲ್ಲಿ ಕಲ್ಲು ಸರಿಸಿ ಎತ್ತಿಕೊಂಡ. ಉಸಿರು ಇರಲಿಲ್ಲ.

ವಿಚಾರಣೆಗೆ ಅಧಿಕಾರಿ ಬಂದಾಗ ಊರೆಲ್ಲ ಶಾಲೆಯ ಅಂಗಳದಲ್ಲಿತ್ತು. ಅಪ್ಪಣೆ ಮೀರಿ ಬೀಗ ತೆಗೆದವಳು ಚಿಕ್ಕ ಟೀಚರ್ ಎಂಬಲ್ಲಿಗೆ ಮಾತು ಬಂದು ನಿಂತಿತು. “ವಾಸನೆ ಹೋಗಿತ್ತು ಸಾರ್, ದೇವರಾಣೆ, ಹೋಗಿತ್ತು,” ಎಂದು ಆ ಹುಡುಗಿ ಹೇಳಿದ್ದನ್ನೇ ಹೇಳುತ್ತಿದ್ದಳು. ನಮ್ಮ ಮಗ ಜನರ ಹಿಂದೆ ನಿಂತು ತಾಯಿಯನ್ನೇ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮಳೆಯ ಮೇಲೆ, ಆ ಹುಡುಗಿಯ ಮೇಲೆ ಎಲ್ಲ ಹೋಗುತ್ತಿತ್ತು.

ನನ್ನ ಹೆಂಡತಿ ಎದ್ದು ನಿಂತಳು.

“ವಾಸನೆ ಯಾವತ್ತೂ ಇರಲಿಲ್ಲ,” ಎಂದಳು. “ಗೋಡೆಯಲ್ಲಿ ಬರೀ ಮರಳು. ನನಗೆ ಗೊತ್ತಿತ್ತು. ಕಟ್ಟಿದ್ದು ನನ್ನ ಮಗ, ಮುಚ್ಚಿಟ್ಟಿದ್ದು ನಾನು. ಆ ಹುಡುಗೀನ ಬಿಟ್ಬಿಡಿ.”

ಯಾರೂ ಕಲ್ಲೆಸೆಯಲಿಲ್ಲ. ಬೇಕರಿಯವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಟೀಚರ್. ನಾವೇ ಕೆಡವ್ತಿದ್ವಿ,” ಎಂದ.

ಮಗ ಜೈಲಿಗೆ ಹೋದ. ನ್ಯಾಯಾಲಯದಲ್ಲೂ ಅವಳು ಅದೇ ಮಾತು ಹೇಳಿದಾಗ ಅವನು ಮುಖ ಆಚೆ ತಿರುಗಿಸಿಕೊಂಡ. ಅವಳ ಕೆಲಸ ಹೋಯಿತು. ಬಾಗಿಲು ತಟ್ಟುವ ಸದ್ದೂ ನಿಂತಿತು. ಬೀದಿಯಲ್ಲಿ ಹೆಜ್ಜೆ ಕೇಳಿದರೆ ಅವಳು ತುತ್ತು ಕೈಯಲ್ಲಿ ಹಿಡಿದು ತಡೆಯುವಳು. ಹೆಜ್ಜೆ ಮುಂದೆ ಹೋದ ಮೇಲೆ ತಟ್ಟೆ ಸರಿಸುವಳು. ನಾನು ಪ್ರಾರ್ಥನೆಗೆ ಕರೆದರೆ, “ಏನಂತ ಕೇಳ್ಲಿ? ನೀವು ಕೇಳಿ,” ಎನ್ನುವಳು. ನಾನು ಕೇಳಿದ್ದು ಇಷ್ಟೇ: ದೇವರೇ, ಇವಳ ಸುಳ್ಳನ್ನು ತೂಗುವಾಗ ಅಂಗಳದಲ್ಲಿ ಆಡಿದ ಮಾತನ್ನೂ ತಕ್ಕಡಿಯಲ್ಲಿ ಇಡು. ಉತ್ತರ ಬಂದಿಲ್ಲ. ಈಗಲೂ ಕೇಳುತ್ತಿದ್ದೇನೆ.

ವರ್ಷ ತುಂಬುವ ಮೊದಲೇ ಅವಳು ಹೋದಳು. ಮಗನಿಗೆ ಹೇಳಿಕಳಿಸಿದೆ. ಜೈಲಿನವರು ಒಂದು ದಿನ ಬಿಡಲು ಒಪ್ಪಿದರೂ ಬರುವುದಿಲ್ಲವೆಂದ. ಅಕ್ಷರಮಾಲೆಯ ಸುರುಳಿ ಬಿಡಿಸಿ ಅವಳಿಗೆ ಹೊದಿಸಿ ಕೂತಿದ್ದೆ. ಆಗ ಯಾರೋ ಬಾಗಿಲು ತಟ್ಟಿದರು.

ಬೇಕರಿಯವನು. ಹೊಸ್ತಿಲ ಆಚೆಗೇ ನಿಂತಿದ್ದ.

“ಹೊರೋಕೆ ಜನ ಇದಾರಾ?”

“ನಾನೊಬ್ಬ ಇದೀನಿ.”

ಅವನು ಒಳಗೆ ನೋಡಲಿಲ್ಲ. ನೆಲ ನೋಡುತ್ತಾ ಅಂಗಿಯ ತೋಳು ಮಡಿಸತೊಡಗಿದ. ನಾನೇ ಹೊಲಿದ ಅಂಗಿ ಅದು.